ಮೊದಲ ಓವರ್ ಅಪ್ಪನದು

ನಮ್ಮ ಮನೆಗೆ ಸೋಫಾ ಬಾರದೇ ಹೋದದ್ದು ಕ್ರಿಕೆಟ್ಟಿನಿಂದ. ಗಲ್ಫಿನ ವಾದಿ ಅದಾಯ್‌ನಲ್ಲಿ ಟಯರ್ ಅಂಗಡಿಯೊಂದರ ಮೇಲೆ, ಎರಡನೇ ಮಾಳಿಗೆಯಲ್ಲಿತ್ತು ನಮ್ಮ ಮನೆ. ಒಂದು ಹಾಲ್, ಒಂದು ಬೆಡ್‌ರೂಮ್, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ಹಾಲಿನ ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡ. ಆ ಹಾಲಿಗೊಂದು ಸೋಫಾ ಬೇಕೆಂದು ಅಮ್ಮ ವರ್ಷವರ್ಷವೂ ಹೇಳುತ್ತಿದ್ದರು. ಸೋಫಾ ಇಟ್ಟರೆ ಹನ್ನೊಂದು ಜನ ಎಲ್ಲಿ ಕೂತುಕೊಳ್ಳುವುದು ಎಂದು ಅಪ್ಪ ವರ್ಷವರ್ಷವೂ ಕೇಳುತ್ತಿದ್ದರು. ಆ ಹನ್ನೊಂದು ಜನ ಪ್ರತಿ ಶುಕ್ರವಾರ ನಿಜವಾಗಿಯೂ ಬರುತ್ತಿದ್ದರು, ಹಸಿದುಕೊಂಡೇ ಬರುತ್ತಿದ್ದರು.

ಶುಕ್ರವಾರ ನಮ್ಮ ಮನೆಯ ದಿನಚರಿಯೇ ಬೇರೆ. ಬಿಸಿಲು ಏರುವ ಮೊದಲೇ ಗುಡ್ಡದ ಬುಡದ ಜಲ್ಲಿಕಲ್ಲಿನ ಮೈದಾನದಲ್ಲಿ ಮ್ಯಾಚ್ ಶುರು. ಮೈದಾನ ಎಂದರೆ ನಡುವೆ ಒಂದು ಸಿಮೆಂಟಿನ ಪಿಚ್, ಸುತ್ತ ಸುಣ್ಣದ ಗೆರೆ, ಒಂದು ಬದಿಗೆ ಸಾಲಾಗಿ ನಿಲ್ಲಿಸಿದ ಕಾರು-ಪಿಕಪ್‌ಗಳು, ಅಷ್ಟೆ. ಮ್ಯಾಚ್ ಮುಗಿದ ಮೇಲೆ ಕ್ಯಾಪ್ಟನ್ ಹಮೀದ್ ಕಾಕ ಸ್ನಾನ ಮಾಡಿ ಜುಮ್ಮಾ ನಮಾಜಿಗೆ ಹೋಗುತ್ತಿದ್ದರು. ಅವರು ಮಸೀದಿಯಿಂದ ನೇರ ನಮ್ಮ ಮನೆಗೆ ಬರುವವರೆಗೆ ಯಾರೂ ಅನ್ನಕ್ಕೆ ಕೈ ಹಾಕುವ ಹಾಗಿಲ್ಲ. ಹಾಲಿನ ಉದ್ದಕ್ಕೂ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಹಳೆಯ ಪೇಪರ್ ಹಾಸಿ, ಅಮ್ಮ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಅಂಜಲ್ ಫ್ರೈ ತಂದಿಡುತ್ತಿದ್ದರು. ಮೊದಲ ತುತ್ತು ಗಂಟಲಿಳಿಯುವ ಮೊದಲೇ ಮುಂದಿನ ವಾರದ ಬೌಲಿಂಗ್ ಚರ್ಚೆ ಶುರುವಾಗುತ್ತಿತ್ತು. ನಮ್ಮ ಮನೆಮಾತು ತುಳು, ಹಮೀದ್ ಕಾಕನದು ಬ್ಯಾರಿ, ಜೆರಿ ಅಂಕಲ್‌ದು ಕೊಂಕಣಿ. ಆದರೆ ಶುಕ್ರವಾರದ ಊಟಕ್ಕೆ ಕನ್ನಡವೇ ಆಗಬೇಕೆಂದು ಅಮ್ಮನ ಕಟ್ಟಪ್ಪಣೆ. ನಾನು ಸ್ಕೂಲಿನಿಂದ ಬಂದು ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರುಮಾಡಿದ್ದೆ; ಮಗಳಿಗೆ ಇವರ ಜಗಳದಿಂದಲಾದರೂ ಕನ್ನಡ ಬರಲಿ ಎಂದು ಅಮ್ಮನ ಲೆಕ್ಕಾಚಾರ. ಹಾಗಾಗಿ ನನ್ನ ಕನ್ನಡದಲ್ಲಿ ಇವತ್ತಿಗೂ ಸ್ವಲ್ಪ ಮೀನಿನ ವಾಸನೆ, ಸ್ವಲ್ಪ ಜಗಳದ ವಾಸನೆ ಉಂಟು.

ಚರ್ಚೆಯ ವಿಷಯ ಸಣ್ಣದು. ಒಂದು ತಂಡಕ್ಕೆ ಎಂಟು ಓವರ್. ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಇಲ್ಲ. ನಮ್ಮಲ್ಲಿ ಬೌಲರ್ ಎಂದು ಕರೆಯಬಹುದಾದವರು ನಾಲ್ಕೇ ಜನ. ಅಪ್ಪ, ಹಮೀದ್ ಕಾಕ, ಎಡಗೈಯ ಜೆರಿ ಅಂಕಲ್, ಮತ್ತು ಊರಿನಿಂದ ಹೊಸದಾಗಿ ಬಂದಿದ್ದ ಅಮ್ಮನ ತಮ್ಮ ನವೀನ ಮಾವ. ನಾಲ್ಕು ಜನ, ಎಂಟು ಓವರ್. ಇಷ್ಟನ್ನು ಜೋಡಿಸಲು ನಮ್ಮವರಿಗೆ ಮೂರು ಸುತ್ತು ಅನ್ನ, ಒಂದು ಸುತ್ತು ಪಾಯಸ, ಎರಡು ಸುತ್ತು ಚಾ ಬೇಕಾಗುತ್ತಿತ್ತು.

"ಎರಡನೇ ಓವರ್ ಜೆರಿಗೆ ಕೊಡುದು ಬೇಡ. ಲೆಫ್ಟ್ ಹ್ಯಾಂಡ್ ನಡುವಲ್ಲಿ ಬೇಕು ನಮಗೆ," ಎನ್ನುತ್ತಿದ್ದರು ಹಮೀದ್ ಕಾಕ.

"ನಡುವಲ್ಲಿ ಎಂತ ಮಾಡ್ಲಿಕ್ಕೆ ಹಮೀದ್? ನಡುವಲ್ಲಿ ಅವರು ಸೆಟ್ ಆಗಿರ್ತಾರೆ. ನನ್ನ ಬಾಲ್ ಸೀದಾ ಗುಡ್ಡಕ್ಕೆ ಹೋಗ್ತದೆ."

"ಈಗಲೂ ಅಲ್ಲಿಗೇ ಹೋಗುದಲ್ವಾ ಮಾರಾಯ."

"ಹಾಗಾದ್ರೆ ಎರಡನೇದು ನವೀನನಿಗೆ ಕೊಡಿ. ಸ್ಪೀಡ್ ಉಂಟು ಅವನಿಗೆ."

"ಸ್ಪೀಡ್ ಉಂಟು, ಬ್ರೇಕ್ ಇಲ್ಲ. ವೈಡ್ ಎಷ್ಟು ಹಾಕಿದ ಇವತ್ತು, ಅಶ್ವಿ ಹತ್ರ ಕೇಳು."

ಅಶ್ವಿ ಎಂದರೆ ನಾನು, ತಂಡದ ಸ್ಕೋರ್ ಬರೆಯುವವಳು. ನಾನು ಪುಸ್ತಕ ನೋಡಿ "ನಾಲ್ಕು" ಎನ್ನುತ್ತಿದ್ದೆ. ನವೀನ ಮಾವ ನನ್ನನ್ನು ದುರುಗುಟ್ಟಿ ನೋಡಿ ಮೀನಿನ ತಲೆಯ ಕಡೆಗೆ ತಿರುಗುತ್ತಿದ್ದರು. ಹಮೀದ್ ಕಾಕ ಕೈ ತೊಳೆದು ಬಂದು, ತಾನು ಉಂಡ ಪೇಪರಿನ ಅಂಚಿನಲ್ಲೇ ಓವರಿನ ಪಟ್ಟಿ ಬರೆಯುತ್ತಿದ್ದರು. ಬರೆದದ್ದನ್ನು ಜೆರಿ ಅಂಕಲ್ ಹೊಡೆದುಹಾಕುತ್ತಿದ್ದರು. "ಬರೆದದ್ರ ಮೇಲೆ ಮುಳ್ಳು ಹಾಕ್ಬೇಡಿ, ಆಮೇಲೆ ಹುಡುಕ್ಲಿಕ್ಕೆ ನನಗೆ ಆಗುದಿಲ್ಲ" ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು.

ಆ ಪಟ್ಟಿ ಯಾವಾಗಲೂ ಎರಡು ಎಂಬ ಅಂಕಿಯಿಂದ ಶುರುವಾಗುತ್ತಿತ್ತು. ಒಂದು ಎಂದು ಯಾರೂ ಬರೆಯುತ್ತಲೇ ಇರಲಿಲ್ಲ. ಬರೆಯುವ ಅಗತ್ಯವೂ ಇಲ್ಲ, ಯಾಕೆಂದರೆ ಮೊದಲ ಓವರ್ ಅಪ್ಪನದು. ತಂಡ ಕಟ್ಟಿದವರು ಅಪ್ಪ, ವಯಸ್ಸಿನಲ್ಲಿ ಹಿರಿಯರು ಅಪ್ಪ. ಅದಕ್ಕಿಂತ ಹೆಚ್ಚಾಗಿ, ಪ್ಲಾಸ್ಟಿಕ್ಕಿನ ಸುತ್ತ ಕೂತ ಉಳಿದ ಮೂವರೂ ಬೌಲರ್‌ಗಳು ಈ ದೇಶಕ್ಕೆ ಬಂದದ್ದು ಅಪ್ಪ ತನ್ನ ಕಫೀಲ್‌ಗೆ, ಅಂದರೆ ವೀಸಾ ಕೊಡುವ ಅರಬಿ ಮಾಲೀಕನಿಗೆ, ಹೇಳಿದ ಒಂದು ಮಾತಿನಿಂದ. ಅಪ್ಪ ಸ್ಪೇರ್ ಪಾರ್ಟ್ಸ್ ಶೋರೂಮಿನ ಸ್ಟೋರ್ ನೋಡಿಕೊಳ್ಳುತ್ತಿದ್ದರು. "ಒಳ್ಳೆ ಹುಡುಗ, ನನ್ನ ಜವಾಬ್ದಾರಿ" ಎಂದು ಅವರು ಹೇಳಿದರೆ ಕಫೀಲ್ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಹಾಗೆ ಬಂದವರು ಯಾರಾದರೂ ತಮ್ಮ ವಿಠಲಣ್ಣನ, ಅಂದರೆ ಅಪ್ಪನ, ಕೈಯಿಂದ ಹೊಸ ಬಾಲ್ ಕಿತ್ತುಕೊಳ್ಳುತ್ತಾರೆಯೇ? ಮದುವೆಮನೆಯಲ್ಲಿ ಹಿರಿಯರಿಗೆ ಮೊದಲು ಬಡಿಸುವ ಹಾಗೆ ಮೈದಾನದಲ್ಲಿ ಹಿರಿಯರಿಗೆ ಮೊದಲ ಓವರ್ ಬಡಿಸುತ್ತಿದ್ದರು. ಎದುರಾಳಿಗಳು ಅದನ್ನು ಚಪ್ಪರಿಸಿ ಉಣ್ಣುತ್ತಿದ್ದರು.

ಎಲ್ಲರಿಗೂ ಗೊತ್ತಿತ್ತು. ಅಪ್ಪನ ಬೌಲಿಂಗಿನಲ್ಲಿ ವೇಗ ಇರಲಿಲ್ಲ. ಊರಿನಲ್ಲಿ ಅಂಡರ್‌ಆರ್ಮ್ ಆಡಿ ಬೆಳೆದ ಕೈ ಅದು. ಭುಜ ಪೂರ್ತಿ ಮೇಲೆ ಹೋಗದೆ ಬಾಲ್ ತಗ್ಗಿನಲ್ಲೇ ಬರುತ್ತಿತ್ತು. ಹೊಸ ಟೆನ್ನಿಸ್ ಬಾಲಿಗೆ ಮೈತುಂಬಾ ರೋಮ, ಒಳ್ಳೆಯ ಪುಟಿತ. ಅಪ್ಪ ಎಷ್ಟೇ ತಗ್ಗಿಸಿ ಹಾಕಿದರೂ ಅದು ಎದ್ದು ಬ್ಯಾಟಿನ ನಡುವಿಗೇ ಬಂದು ಕೂರುತ್ತಿತ್ತು. ಮೊದಲ ಓವರಿನಲ್ಲಿ ಬಾಲ್ ಎರಡು ಸಲವಾದರೂ ಕಾರುಗಳ ಅಡಿಗೆ ಹೋಗದ ಶುಕ್ರವಾರ ನನಗೆ ನೆನಪಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ ಜಗಳವೆಲ್ಲ ಎರಡನೆಯ, ಐದನೆಯ, ಏಳನೆಯ ಓವರಿನ ಬಗ್ಗೆ. ನಾನೀಗ ಅಲ್ ಅಜೈಬಾದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ಮೀಟಿಂಗ್‌ಗಳಿಗೆ ಬರವಿಲ್ಲ. ದೊಡ್ಡ ದೊಡ್ಡವರು ಸಣ್ಣ ವಿಷಯಕ್ಕೆ ಗಂಟೆಗಟ್ಟಲೆ ಕಿತ್ತಾಡುವುದು ಕಂಡರೆ ಇವರು ಬರೆಯದೆ ಬಿಟ್ಟ ಒಂದನೇ ನಂಬರ್ ಯಾವುದು ಎಂದು ಹುಡುಕುತ್ತೇನೆ. ಸಾಮಾನ್ಯವಾಗಿ ಸಿಗುತ್ತದೆ.

ಸ್ಕೋರ್ ಬರೆಯುವ ಕೆಲಸ ನನಗೆ ಸಿಕ್ಕಿದ್ದು ಎಂಟನೇ ವಯಸ್ಸಿನಲ್ಲಿ, ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಮೂರು ವರ್ಷ ಪ್ರತಿ ಬಾಲಿಗೂ ಒಂದು ಗುರುತು ಹಾಕುತ್ತಾ ಕೂತರೆ ಯಾರ ಕಣ್ಣಿಗೆ ಏನು ಬೀಳದಿದ್ದರೂ ಸ್ಕೋರ್ ಬರೆಯುವವಳ ಕಣ್ಣಿಗೆ ಬೀಳುತ್ತದೆ. ಒಂದು ಶುಕ್ರವಾರ ಕಫೀಲ್‌ನ ಯಾರೋ ನೆಂಟರ ಗಾಡಿ ಕೆಟ್ಟು, ಅಪ್ಪ ಸ್ಟೋರ್ ಬಾಗಿಲು ತೆರೆದು ಪಾರ್ಟ್ ಕೊಟ್ಟು ಬರುವಷ್ಟರಲ್ಲಿ ಐದು ಓವರ್ ಮುಗಿದಿತ್ತು. ಅವರಿಗೆ ಉಳಿದದ್ದು ಆರನೆಯದು ಮತ್ತು ಎಂಟನೆಯದು. ಅಷ್ಟರಲ್ಲಿ ಬಾಲ್ ಜಲ್ಲಿಯ ಮೇಲೆ ಉರುಳಿ ಉರುಳಿ ರೋಮ ಉದುರಿ ಬೋಳಾಗಿತ್ತು, ಮೆತ್ತಗಾಗಿತ್ತು. ಅಪ್ಪ ಹಾಕಿದ್ದು ಏಳಲೇ ಇಲ್ಲ. ಬ್ಯಾಟ್ಸ್‌ಮನ್‌ಗಳು ಗಾಳಿಗೆ ಬ್ಯಾಟ್ ಬೀಸಿ, ಬಾಲ್ ಎಲ್ಲಿ ಹೋಯಿತೆಂದು ಹಿಂದೆ ತಿರುಗಿ ನೋಡುತ್ತಿದ್ದರು. ಎರಡು ಓವರಿಗೆ ಐದೇ ರನ್. ಊಟಕ್ಕೆ ಕೂತಾಗ ಎಲ್ಲರೂ ಅದನ್ನು ಲಕ್ ಎಂದರು, ಅಪ್ಪನೂ ಲಕ್ ಎಂದರು. ನಾನು ಮಾತ್ರ ಆ ಪುಟದ ಮೂಲೆ ಮಡಚಿಟ್ಟೆ.

ಆ ವರ್ಷ ನಾವು ಮತ್ತೆ ಟೂರ್ನಮೆಂಟಿನ ಫೈನಲ್‌ಗೆ ಬಂದೆವು. ಎದುರಿಗೆ ಮತ್ತೆ ಪಕ್ಕದ ಪೇಟೆ ರುವಿಯ ತಂಡ. ಹಿಂದಿನ ಎರಡು ವರ್ಷವೂ ಕಪ್ ಅವರದೇ. ಎರಡು ಸಲವೂ ನಾವು ಸೋತದ್ದು ಮೊದಲ ಓವರಿನಲ್ಲಿ, ಆದರೆ ಎರಡು ಸಲವೂ ಬೈಗುಳ ತಿಂದದ್ದು ಜೆರಿ ಅಂಕಲ್. ಫೈನಲ್‌ಗೆ ಒಂದು ವಾರ ಇರುವಾಗ ಶುಕ್ರವಾರದ ಊಟಕ್ಕೆ ಎಲ್ಲರೂ ಕೂತರು. ಹಮೀದ್ ಕಾಕ ಪೇಪರಿನ ಅಂಚಿನಲ್ಲಿ ಎರಡು ಎಂದು ಬರೆದರು, ಮುಕ್ಕಾಲು ಗಂಟೆ ಜಗಳವಾಯಿತು. ನನಗೆ ಅವತ್ತು ಏನಾಯಿತೋ ಗೊತ್ತಿಲ್ಲ. ಧೈರ್ಯ ಅಲ್ಲ ಅದು, ಬೇಸರ. ಗೊತ್ತಿರುವ ವಿಷಯದ ಸುತ್ತ ಪ್ರದಕ್ಷಿಣೆ ಹಾಕುವವರನ್ನು ನೋಡಿ ನೋಡಿ ಹನ್ನೊಂದು ವರ್ಷದ ಹುಡುಗಿಗೆ ಬಂದ ಬೇಸರ.

"ಒಂದನೇ ಓವರ್ ಅಪ್ಪನಿಗೆ ಕೊಡ್ಬೇಡಿ," ಎಂದೆ. "ಅಪ್ಪನಿಗೆ ಲಾಸ್ಟ್ ಕೊಡಿ. ಬಾಲ್ ಹಳತಾದ ಮೇಲೆ ಅಪ್ಪನನ್ನು ಹೊಡೀಲಿಕ್ಕೆ ಯಾರಿಗೂ ಆಗುದಿಲ್ಲ. ಹೊಸ ಬಾಲಲ್ಲಿ ಎಲ್ಲರೂ ಹೊಡೀತಾರೆ. ಬೇಕಾದ್ರೆ ಬುಕ್ ನೋಡಿ."

ನವೀನ ಮಾವನಿಗೆ ನೆತ್ತಿ ಹತ್ತಿತು. ಹಮೀದ್ ಕಾಕ ತನ್ನ ಪೆನ್ನನ್ನು ಇದೇ ಮೊದಲು ಕಂಡವರಂತೆ ತಿರುಗಿಸಿ ತಿರುಗಿಸಿ ನೋಡಿದರು. ಪುಸ್ತಕ ನೋಡಲು ಯಾರೂ ಕೈ ಚಾಚಲಿಲ್ಲ. ಅಪ್ಪ ಕೂಗಾಡುವವರಲ್ಲ. ಅವರಿಗೆ ಸಿಟ್ಟು ಬಂದರೆ ವಿಪರೀತ ಮರ್ಯಾದೆ ಕೊಡುತ್ತಿದ್ದರು, ಅದು ಬೈಗುಳಕ್ಕಿಂತ ಉರಿ. ಅವರು ಹಮೀದ್ ಕಾಕನ ಕೈಯಿಂದ ಪೆನ್ನು ತೆಗೆದು ನನ್ನ ಮುಂದೆ ಇಟ್ಟರು.

"ನೀವೇ ಬರೀರಿ ಮೇಡಂ. ಎಂಟೂ ಓವರ್ ಬರೀರಿ."

ನಾನು ಅಳಲಿಲ್ಲ. ಈ ಮಾತನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ. ಪೇಪರಿನ ಒಣ ಜಾಗ ಹುಡುಕಿ ಒಂದು ಎಂದು ಬರೆದು ನವೀನ ಮಾವನ ಹೆಸರು ಹಾಕಿದೆ. ಎರಡು ಜೆರಿ ಅಂಕಲ್, ಮೂರು ಮತ್ತೆ ನವೀನ ಮಾವ, ನಾಲ್ಕು ಹಮೀದ್ ಕಾಕ, ಐದು ಜೆರಿ ಅಂಕಲ್, ಆರು ಅಪ್ಪ, ಏಳು ಹಮೀದ್ ಕಾಕ, ಎಂಟು ಅಪ್ಪ. ಅಪ್ಪ ಅದನ್ನು ಹರಿದು, ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಕೈ ತೊಳೆಯಲು ಎದ್ದರು. ಅವತ್ತು ಪಾಯಸ ಹಾಗೆಯೇ ಉಳಿಯಿತು.

ಎಲ್ಲರೂ ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನನ್ನು ಕೇಳಿದೆ.

"ನಾನು ಹೇಳಿದ್ದು ತಪ್ಪಾ?"

"ಹೇಳಿದ್ದು ಸರಿ. ಹೇಳಿದ ಜಾಗ ತಪ್ಪು. ಅಷ್ಟು ಜನರ ಎದುರು ಹೇಳುದಾ?"

"ಮತ್ತೆ ಎಲ್ಲಿ ಹೇಳ್ಬೇಕಿತ್ತು?"

ಅಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಯೋಚಿಸಿದರು. "ನನಗೂ ಗೊತ್ತಿಲ್ಲ ಮಾರಾಯ್ತಿ," ಎಂದರು. "ಗೊತ್ತಿದ್ದಿದ್ರೆ ನಾನೇ ಹೇಳ್ತಿದ್ದೆ."

ಆ ವಾರವಿಡೀ ಅಪ್ಪ ನನ್ನೊಡನೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಸ್ಕೂಲ್ ಬಸ್ಸಿನವರೆಗೆ ಎಂದಿನಂತೆ ಬರುತ್ತಿದ್ದರು, ಬ್ಯಾಗು ಹಿಡಿದುಕೊಳ್ಳುತ್ತಿದ್ದರು, ಬಸ್ಸು ಬಂದಾಗ ಕೊಡುತ್ತಿದ್ದರು, ಅಷ್ಟೆ. ಮಂಗಳವಾರ ಸಂಜೆ ಹಮೀದ್ ಕಾಕ ಬಂದು ಹಾಲಿನಲ್ಲಿ ಕೂತು, ಮಕ್ಕಳ ಮಾತಿಗೆ ಬೆಲೆ ಕೊಡಬೇಡಿ ವಿಠಲಣ್ಣ, ಮೊದಲ ಓವರ್ ನಿಮ್ಮದೇ ಎಂದರು. ನಾನು ಬೆಡ್‌ರೂಮಿನಲ್ಲಿ ಹೋಮ್‌ವರ್ಕ್ ಬಿಟ್ಟು ಕಿವಿ ಕೊಟ್ಟಿದ್ದೆ.

"ಬರೆದಾಗಿದೆಯಲ್ಲ ಹಮೀದ್. ಇನ್ನು ಎಂತ?" ಎಂದರು ಅಪ್ಪ.

ಅಲ್ಲಿಯವರೆಗೆ ನನಗಿದ್ದದ್ದು ಅಪ್ಪನ ಸಿಟ್ಟಿನ ಭಯ. ಆ ಮಾತು ಕೇಳಿದ ಮೇಲೆ ಬೇರೆಯೇ ಭಯ ಹುಟ್ಟಿತು. ಮೊದಲ ಓವರಿನಲ್ಲಿ ಹೊಡೆಸಿಕೊಂಡರೆ ಮಧ್ಯಾಹ್ನದೊಳಗೆ ಜನ ಮರೆಯುತ್ತಾರೆ, ಬೈಗುಳ ಬೇರೆ ಯಾರಿಗೋ ಹೋಗುತ್ತದೆ. ಫೈನಲ್‌ನ ಕೊನೆಯ ಓವರಿನಲ್ಲಿ ಹೊಡೆಸಿಕೊಂಡವನನ್ನು ವೀಸಾ ಮುಗಿದು ಊರಿಗೆ ಹೋದ ಮೇಲೂ ಮರೆಯುವುದಿಲ್ಲ. ಇಡೀ ತಂಡ ಮರ್ಯಾದೆ ಕೊಟ್ಟು ಕಾಪಾಡಿಕೊಂಡು ಬಂದಿದ್ದ ನನ್ನ ಅಪ್ಪನನ್ನು ನಾನೇ ಕೈಯಾರೆ ಅಲ್ಲಿ ನಿಲ್ಲಿಸಿದ್ದೆ. ಗುರುವಾರ ಜ್ವರ ಬರಲಿ ಎಂದು ದೇವರಿಗೆ ಕೈಮುಗಿದೆ. ಬರಲಿಲ್ಲ.

ಫೈನಲ್ ದಿನ ಅಮ್ಮ ಮೊದಲ ಬಾರಿಗೆ ಮೈದಾನಕ್ಕೆ ಬಂದರು. ಚಾದ ಫ್ಲಾಸ್ಕ್ ಹಿಡಿದು ನನ್ನ ಸ್ಕೋರ್ ಮೇಜಿನ ಪಕ್ಕ ಕೂತು, ಯಾರು ಎಷ್ಟು ಕರೆದರೂ ನೆರಳಿಗೆ ಹೋಗಲಿಲ್ಲ. ನಾವು ಮೊದಲು ಬ್ಯಾಟ್ ಮಾಡಿ ಐವತ್ತೆಂಟು ರನ್ ಹೊಡೆದೆವು. ಸಾಲದು ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ರುವಿಯವರು ಬ್ಯಾಟಿಂಗಿಗೆ ಬಂದಾಗ ಅಪ್ಪ ಹೊಸ ಬಾಲನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿದರು, ಕಿಸೆಯಿಂದ ಮಡಚಿದ ಪೇಪರ್ ತೆಗೆದು ಹಮೀದ್ ಕಾಕನಿಗೆ ಕೊಟ್ಟರು, ಬಾಲನ್ನು ನವೀನ ಮಾವನ ಕಡೆಗೆ ಎಸೆದರು. ಎಸೆದು ಸೀದಾ ಕಾರುಗಳ ಬದಿಯ ಗೆರೆಗೆ ಹೋಗಿ ನಿಂತರು. ಎದುರಾಳಿಯ ಓಪನರ್ ಅಂಪೈರನ್ನು ಏನೋ ಕೇಳಿದ. ಅಪ್ಪನ ಬಾಲಿಗೆಂದು ವಾರವಿಡೀ ಸಿದ್ಧವಾಗಿ ಬಂದಿದ್ದನೋ ಏನೋ ಪಾಪ.

ನವೀನ ಮಾವನ ಮೂರನೇ ಬಾಲಿಗೆ ಅವನ ಮಿಡ್ಲ್ ಸ್ಟಂಪ್ ಹಾರಿತು. ಆ ಓವರಿನಲ್ಲಿ ಒಂದು ವೈಡ್, ಎರಡು ರನ್. ನಮ್ಮ ಮೊದಲ ಓವರಿನಲ್ಲಿ ಅಷ್ಟು ಕಡಿಮೆ ಅಂಕಿ ನಾನು ಬರೆದದ್ದೇ ಇಲ್ಲ. ಆಮೇಲೆ ರುವಿಯವರು ಸುಧಾರಿಸಿಕೊಂಡರು. ಐದು ಓವರ್ ಮುಗಿಯುವಷ್ಟರಲ್ಲಿ ಅವರು ನಲವತ್ತು ದಾಟಿದ್ದರು. ಆರನೆಯದಕ್ಕೆ ಅಪ್ಪ ಬಂದರು. ಬಾಲ್ ಬೋಳಾಗಿತ್ತು. ಆ ಓವರಿನಲ್ಲಿ ಮೂರೇ ರನ್ ಬಂತು. ಕಾರುಗಳ ಬದಿಯಿಂದ ಚಪ್ಪಾಳೆ ಎದ್ದಿತು, ಅಪ್ಪ ಯಾರ ಕಡೆಗೂ ನೋಡಲಿಲ್ಲ. ಏಳನೆಯದರಲ್ಲಿ ಹಮೀದ್ ಕಾಕನಿಗೆ ಒಂದು ಸಿಕ್ಸ್ ಬಿತ್ತು. ಕೊನೆಯ ಓವರಿಗೆ ರುವಿಯವರಿಗೆ ಗೆಲ್ಲಲು ಬೇಕಿದ್ದದ್ದು ಎಂಟು.

ಮೊದಲ ಬಾಲಿಗೆ ಒಂದು ರನ್. ಎರಡನೆಯದು ಬ್ಯಾಟಿನ ಅಡಿಯಿಂದ ಹೋಯಿತು. ಮೂರನೆಯದಕ್ಕೆ ಎರಡು ಓಡಿದರು. ನಾಲ್ಕನೆಯದು ಮತ್ತೆ ಅಡಿಯಿಂದ. ಐದನೆಯದಕ್ಕೆ ಒಂದು. ಒಂದೇ ಬಾಲ್ ಉಳಿದು, ಅವರ ದೊಡ್ಡ ಹೊಡೆತಗಾರ ಕ್ರೀಸಿಗೆ ಬಂದು ನಿಂತಾಗ ಅಮ್ಮನ ಕೈ ನನ್ನ ಹೆಗಲ ಮೇಲಿತ್ತು, ಉಗುರು ಚುಚ್ಚುತ್ತಿತ್ತು. ಅಪ್ಪ ಓಡಲು ಶುರುಮಾಡುವ ಜಾಗಕ್ಕೆ ಹೋಗಿ, ತಿರುಗಿ, ಅಷ್ಟು ದೂರದಿಂದ ನನ್ನನ್ನು ಕೂಗಿದರು.

"ಅಶ್ವೀ, ಎಷ್ಟು ಬೇಕು ಅವರಿಗೆ?"

ಎಷ್ಟು ಬೇಕೆಂದು ಆ ಮೈದಾನದಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಂದು ವಾರದ ನಂತರ ಅಪ್ಪ ನನ್ನ ಹೆಸರು ಹಿಡಿದು ಕರೆದಿದ್ದರು. ನಾನು ಮೇಜು ಹಿಡಿದು ಎದ್ದು ನಿಂತು ಹೇಳಿದೆ.

"ಗೆಲ್ಲಲಿಕ್ಕೆ ನಾಲ್ಕು ಅಪ್ಪ. ಮೂರಾದ್ರೆ ಟೈ. ಒಂದೇ ಬಾಲ್ ಉಂಟು."

"ಸರಿ," ಎಂದರು. ಓಡಿ ಬಂದು ಹಾಕಿದರು. ಬಾಲ್ ಸಿಮೆಂಟಿಗೆ ಬಿದ್ದು ಏಳುವುದನ್ನೇ ಮರೆತು ನೆಲ ಹಿಡಿದು ಹರಿಯಿತು. ಹೊಡೆತಗಾರ ಗುಡ್ಡದಾಚೆಗೆಂದು ಬೀಸಿದ ಬ್ಯಾಟು ಅರ್ಧ ಆಕಾಶದಲ್ಲಿರುವಾಗಲೇ ಹಿಂದೆ ಎರಡು ಸ್ಟಂಪ್ ಮಲಗಿದ್ದವು.

ನಾನು ಆ ವಿಕೆಟ್ ಬರೆಯಲಿಲ್ಲ. ಪೆನ್ಸಿಲ್, ಪುಸ್ತಕ, ಅಮ್ಮ ಎಲ್ಲವನ್ನೂ ಬಿಟ್ಟು ಪಿಚ್ಚಿನ ಕಡೆಗೆ ಓಡಿದ್ದೆ. ಬರೆಯದೆ ಮ್ಯಾಚ್ ಮುಗಿಯುವುದಿಲ್ಲ ಎಂದು ಅಂಪೈರ್ ಪುಸ್ತಕ ಹಿಡಿದು ನನ್ನ ಹಿಂದೆ ಓಡಿ ಬಂದರು. ಹಮೀದ್ ಕಾಕ ಅಪ್ಪನನ್ನು ಎತ್ತಲು ಹೋಗಿ, ಎತ್ತಲಾಗದೆ, ಇಬ್ಬರೂ ಜಲ್ಲಿಯ ಮೇಲೆ ಕೂತುಬಿಟ್ಟರು. ಜೆರಿ ಅಂಕಲ್ ಅಳುತ್ತಿದ್ದರು. ಆ ಬೆಳಗಿನಷ್ಟು ಸಂತೋಷ ನನ್ನ ಮದುವೆಯ ದಿನವೂ ನನಗೆ ಆಗಲಿಲ್ಲ; ಇದನ್ನು ನನ್ನ ಗಂಡನಿಗೂ ಹೇಳಿದ್ದೇನೆ.

ಮಧ್ಯಾಹ್ನ ಕಪ್ಪನ್ನು ಅನ್ನದ ಪಾತ್ರೆಯ ಪಕ್ಕದಲ್ಲೇ ಇಟ್ಟು ಊಟಕ್ಕೆ ಕೂತರು. ಈಗ ಎಲ್ಲರ ನಾಲಿಗೆಗೂ ಮೂಳೆ ಇಲ್ಲ. ನಾನು ಮೊದಲೇ ಅಂದುಕೊಂಡಿದ್ದೆ ಎಂದು ಜೆರಿ ಅಂಕಲ್, ನನಗೆ ಯಾವಾಗಲೋ ಗೊತ್ತಿತ್ತು ಎಂದು ನವೀನ ಮಾವ. ಅಪ್ಪ ತುತ್ತು ಅರ್ಧಕ್ಕೆ ನಿಲ್ಲಿಸಿದರು.

"ಗೊತ್ತಿತ್ತಾ? ಎಷ್ಟು ಸಮಯದಿಂದ ಹಮೀದ್?"

"ಒಂದು ಮೂರು ವರ್ಷದಿಂದ ವಿಠಲಣ್ಣ. ಆದ್ರೆ ನಿಮ್ಮ ಹತ್ರ ಹೇಗೆ ಹೇಳುದು?"

"ಮೂರು ವರ್ಷ ಮರ್ಯಾದೆ ಕೊಟ್ಟು ಕೊಟ್ಟು ನನ್ನನ್ನು ಊರವರಿಂದೆಲ್ಲ ಹೊಡೆಸಿದ್ರಲ್ಲ ಮಾರಾಯ್ರೆ ನೀವು."

ಮೊದಲು ನಕ್ಕದ್ದು ಅಮ್ಮ, ಅಡುಗೆಮನೆಯಿಂದ. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಅಂದಿನಿಂದ ಓವರಿನ ಪಟ್ಟಿ ಬರೆಯುವ ಪೆನ್ನು ನನ್ನದಾಯಿತು. ಜಗಳ ನಿಲ್ಲಲಿಲ್ಲ, ಆದರೆ ಒಂದು ಎಂಬ ಅಂಕಿಯಿಂದ ಶುರುವಾಗತೊಡಗಿತು. ಎರಡು ವರ್ಷ ಕಪ್ ನಮ್ಮ ಹಾಲಿನಲ್ಲೇ ಇತ್ತು, ಎರಡು ವರ್ಷ ಎಂಟನೇ ಓವರ್ ಅಪ್ಪನದೇ.

ಮೂರನೇ ವರ್ಷ ಅಪ್ಪನ ಮಂಡಿ ಕೈಕೊಟ್ಟಿತು. ಸೀಸನ್ನಿನ ಮೊದಲ ಶುಕ್ರವಾರ, ಅಪ್ಪ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದನ್ನು ಎಲ್ಲರೂ ಕಂಡಿದ್ದರು. ಊಟಕ್ಕೆ ಕೂತ ಉಳಿದವರೆಲ್ಲ ಎರಡನೇ ಓವರಿನ ಬಗ್ಗೆ ಬಹಳ ಜೋರಾಗಿ ಮಾತಾಡತೊಡಗಿದರು. ಅಪ್ಪ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ನನ್ನೊಬ್ಬಳ ಕಡೆಗೆ ತಿರುಗಿದರು.

"ಈ ಸಲ ನನ್ನ ಹೆಸರು ಉಂಟಾ ಅಶ್ವಿ?"

ಪೆನ್ನು ಕೆಳಗಿಟ್ಟು ಅಪ್ಪನ ಮುಖ ನೋಡಿದೆ.

"ಇಲ್ಲ ಅಪ್ಪ."

ಅಪ್ಪ ಹಮೀದ್ ಕಾಕನನ್ನು, ಜೆರಿ ಅಂಕಲ್‌ನನ್ನು, ಸಾಲಾಗಿ ಕೂತ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ನಾನು ತೊದಲು ಮಾತಾಡುವ ಕಾಲದಿಂದ ನನ್ನನ್ನು ಕಂಡ ಆ ಜನರಿಗೆ, ಹೊಸಬರಿಗೆ ಪರಿಚಯ ಮಾಡಿಸುವ ಹಾಗೆ, ಕಪ್ ಎತ್ತಿ ಹಿಡಿದಾಗಲೂ ನಾನು ಕೇಳಿರದ ದನಿಯಲ್ಲಿ ಹೇಳಿದರು:

"ಇವಳು ನನ್ನ ಮಗಳು."